ಊಟದ ಲೆಕ್ಕವಿಡುವ ಆ್ಯಪು: ಎಷ್ಟು ನಂಬಬೇಕು?

ಸಂಜೆಯ ಹೊತ್ತು ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವವರಲ್ಲಿ ಅನೇಕರು ಈಚೆಗೆ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ತಿಂದದ್ದನ್ನು ಮೊಬೈಲಿನಲ್ಲಿ ಬರೆದುಕೊಂಡರೆ ದಿನಕ್ಕೆ ಇಷ್ಟು ಕ್ಯಾಲರಿ ಆಯಿತೆಂದು ತೋರಿಸುವ ಆ್ಯಪುಗಳಿವೆಯಲ್ಲ, ಅವುಗಳಿಂದ ಪ್ರಯೋಜನವಿದೆಯೇ, ಅವು ಹೇಳುವ ಅಂಕಿಯನ್ನು ನಂಬಬಹುದೇ ಎಂಬುದು ಆ ಪ್ರಶ್ನೆ. ಕೇಳುವವರಿಗೆ ಇದು ಹೊತ್ತು ಕಳೆಯುವ ಮಾತಲ್ಲ. ಊರು ಬಿಟ್ಟು ಬಂದು ಖಾನಾವಳಿಯ ಊಟಕ್ಕೆ ಒಗ್ಗಿಕೊಂಡವರು ನಾವು. ನಲವತ್ತು ತುಂಬುವ ಮೊದಲೇ ಸಕ್ಕರೆ ಕಾಯಿಲೆಯ ಚೀಟಿ, ರಕ್ತದೊತ್ತಡದ ಮಾತ್ರೆ ಕೈಗೆ ಬಂದವರು ನಮ್ಮ ನಡುವೆಯೇ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಹಳ್ಳಿಗಳಿಗಿಂತ ಪಟ್ಟಣಗಳಲ್ಲಿ ಅದು ಹೆಚ್ಚು. ಡಾಕ್ಟರು ಎರಡು ನಿಮಿಷದಲ್ಲಿ ‘ಊಟ ಹಿಡಿತದಲ್ಲಿರಲಿ’ ಎಂದು ಹೇಳಿ ಮುಂದಿನವರನ್ನು ಕರೆಯುತ್ತಾರೆ. ಎಷ್ಟು ಉಣ್ಣಬೇಕು, ಅಳೆಯುವುದು ಹೇಗೆ ಎಂಬುದನ್ನು ಹೇಳುವವರು ಯಾರು? ಆ ಜಾಗಕ್ಕೆ ಈಗ ಮೊಬೈಲು ಬಂದು ಕುಳಿತಿದೆ. ಆದುದರಿಂದ ಈ ಬಗ್ಗೆ ನಾವು ಓದಿ ತಿಳಿದದ್ದನ್ನೂ ಕೆಲವು ಸದಸ್ಯರೊಡನೆ ಕುಳಿತು ಮಾಡಿ ನೋಡಿದ್ದನ್ನೂ ಇಲ್ಲಿ ಬರೆದಿದ್ದೇವೆ.

ಮೊದಲು ಕ್ಯಾಲರಿ ಎಂದರೇನೆಂಬುದನ್ನು ತಿಳಿಯೋಣ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ಸಿನಷ್ಟು ಹೆಚ್ಚು ಬಿಸಿ ಮಾಡಲು ಬೇಕಾಗುವ ಶಾಖಕ್ಕೆ ಕಿಲೋಕ್ಯಾಲರಿ ಎಂದು ಹೆಸರು. ಆಡುಮಾತಿನಲ್ಲಿ ‘ಕಿಲೋ’ ಬಿಟ್ಟು ಬರಿಯ ಕ್ಯಾಲರಿ ಎನ್ನುವುದು ವಾಡಿಕೆ. ನಾವೂ ಹಾಗೆಯೇ ಬರೆಯುತ್ತೇವೆ. ಸೌದೆ ಉರಿದು ಶಾಖ ಕೊಡುವಂತೆ ಉಂಡ ಅನ್ನವೂ ದೇಹದಲ್ಲಿ ಕರಗಿ ಶಕ್ತಿ ಕೊಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ವಿಲ್ಬರ್ ಆ್ಯಟ್‌ವಾಟರ್ ಎಂಬ ವಿಜ್ಞಾನಿ ಬಹಳ ಪ್ರಯೋಗಗಳನ್ನು ಮಾಡಿ, ಒಂದು ಗ್ರಾಂ ಪಿಷ್ಟಕ್ಕೆ 4, ಒಂದು ಗ್ರಾಂ ಪ್ರೋಟೀನಿಗೆ 4, ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ ಎಂಬ ಸರಾಸರಿಗೆ ಬಂದನು. ಬಿಸ್ಕತ್ತಿನ ಪೊಟ್ಟಣದ ಹಿಂದೆ ಇಂದಿಗೂ ಅಚ್ಚಾಗುತ್ತಿರುವ ಅಂಕಿಗಳಿಗೆ ಈ ಲೆಕ್ಕವೇ ತಳಹದಿ. ಎಣ್ಣೆ ಎಂದರೆ ಪೂರ್ತಿ ಕೊಬ್ಬು. ಆದ್ದರಿಂದ 5 ಗ್ರಾಮಿನ ಒಂದು ಸಣ್ಣ ಚಮಚ ಎಣ್ಣೆಗೆ 45 ಕ್ಯಾಲರಿ. ಅಷ್ಟೇ ತೂಕದ ಸಕ್ಕರೆಗೆ 20. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಇನ್ನು ನಮ್ಮ ಜೋಳ, ರಾಗಿ, ತೊಗರಿಗಳ ಅಂಕಿಗಳು ಎಲ್ಲಿಂದ ಬಂದವು? 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗಾಗಿ ಮೆಕ್ಯಾರಿಸನ್ ಎಂಬ ವೈದ್ಯರು ಒಂದು ಸಣ್ಣ ಸಂಶೋಧನಾಲಯವನ್ನು ಆರಂಭಿಸಿದರು. ಅದು ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂತು. ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಎನಿಸಿಕೊಂಡಿದೆ. ಈ ಸಂಸ್ಥೆ ದೇಶದ ನಾನಾ ಭಾಗಗಳಿಂದ ಆಹಾರ ಪದಾರ್ಥಗಳನ್ನು ತರಿಸಿ ಪರೀಕ್ಷಿಸಿ, 528 ಪದಾರ್ಥಗಳ ಕೋಷ್ಟಕವನ್ನು 2017ರಲ್ಲಿ ಪ್ರಕಟಿಸಿತು. ಅದರ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲರಿ, ರಾಗಿಯಲ್ಲಿ 321, ಪಾಲಿಶ್ ಮಾಡಿದ ಹಸಿ ಅಕ್ಕಿಯಲ್ಲಿ 356, ಶೇಂಗಾದಲ್ಲಿ 520. ಆ್ಯಪು ಮಾಡುವ ಕೆಲಸ ಇಷ್ಟೇ: ಇಂಥ ಯಾವುದಾದರೊಂದು ಕೋಷ್ಟಕದ ಅಂಕಿಯನ್ನು ನೀವು ಬರೆದ ಪ್ರಮಾಣದಿಂದ ಗುಣಿಸಿ ಕೂಡಿಸುವುದು. ಗುಣಾಕಾರದಲ್ಲಿ ಅದು ತಪ್ಪುವುದಿಲ್ಲ. ಆದರೆ ಕಿರ್ದಿಯಲ್ಲಿ ತಪ್ಪು ನಮೂದು ಮಾಡಿ ಖಾತೆಯನ್ನು ಎಷ್ಟು ಸರಿಯಾಗಿ ಕೂಡಿಸಿದರೇನು ಬಂತು?

ಪ್ರಯೋಜನದ ಮಾತನ್ನು ಮೊದಲು ಹೇಳಬೇಕು, ಏಕೆಂದರೆ ಅದು ನಿಜವಾಗಿಯೂ ಇದೆ. ಅಮೆರಿಕದಲ್ಲಿ ಸುಮಾರು 1,700 ಮಂದಿಯ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ ಆರು ದಿನವಾದರೂ ತಿಂದದ್ದನ್ನು ಬರೆದಿಟ್ಟವರ ತೂಕ ಏನೂ ಬರೆಯದವರದಕ್ಕಿಂತ ಎರಡರಷ್ಟು ಇಳಿದಿತ್ತು. ಬರೆದುಕೊಳ್ಳುವುದರಲ್ಲಿಯೇ ಗುಣವಿದೆ. ನಮಗೆ ಕಾಣಬಂದ ಒಂದು ಉದಾಹರಣೆ ಚಹದ್ದು. ಆಫೀಸಿನಲ್ಲಿ ದುಡಿಯುವ ನಮ್ಮ ಸದಸ್ಯರೊಬ್ಬರು ಊಟದಲ್ಲಿ ಬಹಳ ಮಿತ. ಆದರೂ ಸಕ್ಕರೆ ಇಳಿಯಲೊಲ್ಲದೆಂದು ಚಿಂತಿಸುತ್ತಿದ್ದರು. ಒಂದು ವಾರ ಎಲ್ಲವನ್ನೂ ಬರೆಯಿರಿ ಎಂದೆವು. ದಿನಕ್ಕೆ ಐದು ಕಪ್ಪು ಚಹ, ಒಂದೊಂದಕ್ಕೆ ಎರಡೆರಡು ಚಮಚ ಸಕ್ಕರೆ. ಅಂದರೆ 50 ಗ್ರಾಂ ಸಕ್ಕರೆ, 200 ಕ್ಯಾಲರಿ. ದಿನಕ್ಕೆ 2,000 ಕ್ಯಾಲರಿ ಉಣ್ಣುವ ಆರೋಗ್ಯವಂತನಿಗೂ ಮೇಲಿನಿಂದ ಬೆರೆಸುವ ಸಕ್ಕರೆ 50 ಗ್ರಾಮನ್ನು ಮುಟ್ಟಬಾರದು, ಅದರ ಅರ್ಧಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಚಹವನ್ನು ಅವರು ಊಟವೆಂದು ಎಣಿಸಿಯೇ ಇರಲಿಲ್ಲ. ನಾವು ಯಾರು ತಾನೇ ಎಣಿಸುತ್ತೇವೆ? ಮೇಜಿನ ಮೇಲೆ ಹುಡುಗ ತಂದಿಟ್ಟು ಹೋಗುತ್ತಾನೆ, ನಾವು ಕುಡಿಯುತ್ತೇವೆ. ಶೇಂಗಾ ಚಟ್ನಿಯೂ ಹೀಗೆಯೇ. ರೊಟ್ಟಿಯ ಪಕ್ಕದಲ್ಲಿ ಸುಮ್ಮನೆ ಹಾಕಿಸಿಕೊಂಡ 20 ಗ್ರಾಂ ಪುಡಿಗೆ 100 ಕ್ಯಾಲರಿಯಾಗುತ್ತದೆ. (ಶೇಂಗಾ ಕೆಟ್ಟದ್ದೆಂದು ನಮ್ಮ ಅರ್ಥವಲ್ಲ. ವಿಜಾಪುರ, ಕಲಬುರಗಿಯ ಕಡೆಯ ಬಂಧುಗಳು ಜಗಳಕ್ಕೆ ಬರಬಾರದು.)

ಲೆಕ್ಕವಿಟ್ಟರೆ ಹೆಚ್ಚಾದದ್ದು ಮಾತ್ರವಲ್ಲ, ಕಡಿಮೆಯಾದದ್ದೂ ಕಾಣುತ್ತದೆ. ಇದನ್ನು ಆ್ಯಪಿನ ಜಾಹೀರಾತುಗಳು ಹೇಳುವುದಿಲ್ಲ. ಪಟ್ಟಣದಲ್ಲಿ ದಿನಕ್ಕೆ 32 ರೂಪಾಯಿ ಖರ್ಚು ಮಾಡಬಲ್ಲವನು ಬಡವನಲ್ಲವೆಂದು ಯೋಜನಾ ಆಯೋಗವು 2011ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದ್ದು ಕೆಲವರಿಗೆ ನೆನಪಿರಬಹುದು. ಆ ಕಾಲದಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ತುಷಾರ್ ವಶಿಷ್ಠ ಮತ್ತು ಅವರ ಗೆಳೆಯರೊಬ್ಬರು ಮೊದಲು ದಿನಕ್ಕೆ 100 ರೂಪಾಯಿಯಲ್ಲಿ, ಬಳಿಕ ಕೇರಳದ ಒಂದು ಊರಿನಲ್ಲಿ 32 ರೂಪಾಯಿಯಲ್ಲಿ ಬದುಕಿ ನೋಡಿದರು. ಅದೇ ವಶಿಷ್ಠರು 2012ರಲ್ಲಿ ಬೆಂಗಳೂರಿನಲ್ಲಿ ಸಹಭಾಗಿತ್ವದಲ್ಲಿ ಹೆಲ್ದಿಫೈಮಿ ಎಂಬ ಊಟದ ಲೆಕ್ಕದ ಕಂಪನಿಯನ್ನು ಆರಂಭಿಸಿದರು. ಇಂದು ಅಂಥ ಆ್ಯಪುಗಳನ್ನು ಹೆಚ್ಚಾಗಿ ತೂಕ ಇಳಿಸಲೆಂದೇ ಹಾಕಿಕೊಳ್ಳುತ್ತಾರೆ. ಆದರೆ ಮೂಟೆ ಹೊರುವ ನಮ್ಮ ಬಂಧುವಿಗೆ ಅದರಿಂದ ತಿಳಿಯಬೇಕಾದದ್ದು ಬೇರೆ: ಹೊಟ್ಟೆಗೆ ಸಾಕಷ್ಟು ಬೀಳುತ್ತಿದೆಯೇ ಇಲ್ಲವೇ ಎಂಬುದು.

ಈಗ ಕೊರತೆಗಳ ಕಡೆಗೆ ಬರೋಣ. ಒಂದು ಭಾನುವಾರ ಇಬ್ಬರು ಸದಸ್ಯರನ್ನು ಒಂದೇ ಖಾನಾವಳಿಯ ಒಂದೇ ಬಗೆಯ ತಾಟಿನ ಮುಂದೆ ಕೂರಿಸಿ, ಅವರವರ ಫೋನಿನಲ್ಲಿ ಬರೆಯಲು ಹೇಳಿದೆವು. ಇಬ್ಬರ ಮೊತ್ತಕ್ಕೂ ಮುನ್ನೂರಕ್ಕಿಂತ ಹೆಚ್ಚು ಕ್ಯಾಲರಿಯ ಅಂತರ ಬಂತು! ತಾಳೆ ಹಾಕಲು ಕುಳಿತಾಗ ಕಾರಣ ಸಿಕ್ಕಿತು. ಮೂರು ಜೋಳದ ರೊಟ್ಟಿ ಎಂದು ಇಬ್ಬರೂ ಬರೆದಿದ್ದರು. ಒಂದು ಆ್ಯಪಿನ ರೊಟ್ಟಿ 50 ಗ್ರಾಂ ಹಿಟ್ಟಿನದು, ಇನ್ನೊಂದರದು 80 ಗ್ರಾಮಿನದು. ಒಂದು ರೊಟ್ಟಿಗೆ 167 ಕ್ಯಾಲರಿ ಎಂದು ಹಿಡಿದರೆ ಮೂರಕ್ಕೆ 501. 267 ಎಂದು ಹಿಡಿದರೆ 801. ನಮ್ಮ ಖಾನಾವಳಿಯ ಬಾಯಿಯವರು ತಟ್ಟುವ ರೊಟ್ಟಿ ಎಷ್ಟು ಗ್ರಾಮಿನದೆಂದು ಎರಡು ಆ್ಯಪುಗಳಿಗೂ ಗೊತ್ತಿಲ್ಲ. ಬಾಯಿಯವರನ್ನು ಕೇಳಿದರೆ ‘ಕೈಗೆ ಬಂದಷ್ಟು’ ಎಂದರು.

ಹೆಸರಿನದೂ ಒಂದು ತೊಡಕು. ಇಲ್ಲಿಯವರು ಭಾಕರಿ ಎನ್ನುತ್ತಾರೆ, ನಾವು ರೊಟ್ಟಿ ಎನ್ನುತ್ತೇವೆ. ರೊಟ್ಟಿ ಎಂದು ಹುಡುಕಿದರೆ ಕೆಲವು ಆ್ಯಪುಗಳು ಗೋಧಿಯ ಚಪಾತಿಯನ್ನು ಮುಂದೆ ಮಾಡುತ್ತವೆ. ಜೋಳ ಎಂದು ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ ‘ಕಾರ್ನ್’ ಎಂದು ಒತ್ತಿದರೆ ಅದು ಮುಸುಕಿನ ಜೋಳವಾಗುತ್ತದೆ. ನೀರ್ ದೋಸೆ, ಪತ್ರೊಡೆ, ಬಸ್ಸಾರು, ಮಡಕಿಕಾಳಿನ ಪಲ್ಯ ಇವೆಲ್ಲ ಕೆಲವು ಕಡೆ ಸಿಗುತ್ತವೆ, ಕೆಲವು ಕಡೆ ಇಲ್ಲ. ಮೈಫಿಟ್‌ನೆಸ್‌ಪಾಲ್ ಎಂಬ ಅಮೆರಿಕದ ಹೆಸರಾದ ಆ್ಯಪಿನಲ್ಲಿ ಬಳಕೆದಾರರು ತಾವೇ ಹೊಸ ಪದಾರ್ಥಗಳನ್ನು ಸೇರಿಸಬಹುದು. ಹೀಗಾಗಿ ಒಂದೇ ಉಪ್ಪಿಟ್ಟಿಗೆ ಹತ್ತು ನಮೂದು, ಹತ್ತು ಬಗೆಯ ಅಂಕಿ. ಎಲ್ಲಕ್ಕಿಂತ ದೊಡ್ಡ ತಪ್ಪು ಅನ್ನದಲ್ಲಿ ಆಗುತ್ತದೆ. ಅಕ್ಕಿ ಬೆಂದಾಗ ನೀರು ಹೀರಿ ಮೂರು ಪಾಲಿನ ಹತ್ತಿರ ತೂಗುತ್ತದೆ. 100 ಗ್ರಾಂ ಅನ್ನಕ್ಕೆ ಸುಮಾರು 130 ಕ್ಯಾಲರಿ. 300 ಗ್ರಾಂ ಅನ್ನ ಉಂಡು, ಆ್ಯಪಿನಲ್ಲಿ ‘ಅನ್ನ’ದ ಬದಲು ‘ಅಕ್ಕಿ’ಯನ್ನು ಆರಿಸಿದರೆ 390 ಇರಬೇಕಾದದ್ದು 1,068 ಆಗುತ್ತದೆ. ಅದನ್ನು ನೋಡಿ ಹೆದರಿ ರಾತ್ರಿಯ ಊಟ ಬಿಟ್ಟವರನ್ನು ನಾವು ಕಂಡಿದ್ದೇವೆ.

ತಾಟಿನ ಫೋಟೋ ತೆಗೆದರೆ ಸಾಕು, ಎಲ್ಲವನ್ನೂ ತಾನೇ ಗುರುತಿಸುತ್ತೇನೆ ಎನ್ನುವ ಆ್ಯಪುಗಳೂ ಈಗ ಬಂದಿವೆ. ಇಡ್ಲಿಯನ್ನು ಇಡ್ಲಿಯೆಂದೇ ಅವು ಗುರುತಿಸಬಹುದು. ಆದರೆ ಬಟ್ಟಲು ಎಷ್ಟು ಆಳ, ಎಣ್ಣೆಗಾಯಿಗೆ ಎಷ್ಟು ಎಣ್ಣೆ ಸುರಿದಿದ್ದಾರೆ, ಬೇಳೆಸಾರಿನಲ್ಲಿ ಬೇಳೆಯೆಷ್ಟು ನೀರೆಷ್ಟು ಎಂಬುದನ್ನು ಮೇಲಿನಿಂದ ತೆಗೆದ ಫೋಟೋ ಹೇಗೆ ಹೇಳೀತು? ಎರಡು ಚಮಚ ಎಣ್ಣೆ ಹೆಚ್ಚಾದರೆ 90 ಕ್ಯಾಲರಿ ಹೆಚ್ಚಾಯಿತೆಂದು ಮೇಲಿನ ಲೆಕ್ಕದಿಂದ ತಿಳಿಯುತ್ತದೆ. ಪೊಟ್ಟಣದ ಮೇಲಿನ ಗೆರೆಗುರುತನ್ನು ಓದಿ ಅಂಕಿ ತೋರಿಸುವ ಸೌಕರ್ಯ ಮಾತ್ರ ಮಟ್ಟಿಗೆ ಸರಿಯಾಗಿ ನಡೆಯುತ್ತದೆ. ಆದರೆ ನಾವು ಪೊಟ್ಟಣದ ತಿನಿಸು ತಿನ್ನುವುದು ಎಷ್ಟು? ಅದು ಕಡಿಮೆಯಾದಷ್ಟೂ ಒಳ್ಳೆಯದು.

ಇದಕ್ಕಿಂತ ಗಂಭೀರವಾದದ್ದು ದಿನದ ಗುರಿಯ ವಿಷಯ. ಆ್ಯಪನ್ನು ತೆರೆದಾಗ ಎತ್ತರ, ತೂಕ, ವಯಸ್ಸು ಕೇಳಿ, ನಿಮ್ಮದು ಎಂಥ ಕೆಲಸವೆಂದು ಕೇಳುತ್ತದೆ. ಅನೇಕರು ಮೊದಲನೆಯದನ್ನೇ ಒತ್ತಿ ಮುಂದೆ ಹೋಗುತ್ತಾರೆ. ಅದು ಬಹುಮಟ್ಟಿಗೆ ಕುಳಿತು ಮಾಡುವ ಕೆಲಸವಾಗಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಅಂದಾಜಿನಂತೆ 65 ಕಿಲೋ ತೂಕದ ಗಂಡಸಿಗೆ ಕುಳಿತು ಮಾಡುವ ಕೆಲಸವಾದರೆ ದಿನಕ್ಕೆ 2,110 ಕ್ಯಾಲರಿ, ಮಧ್ಯಮ ಶ್ರಮಕ್ಕೆ 2,710, ಕಠಿಣ ಶ್ರಮಕ್ಕೆ 3,470 ಬೇಕು. 55 ಕಿಲೋ ತೂಕದ ಹೆಂಗಸಿಗೆ ಕ್ರಮವಾಗಿ 1,660, 2,130, 2,720. ಗುಮಾಸ್ತನ ಅಂಕಿಗೂ ಹಮಾಲನ ಅಂಕಿಗೂ 1,360 ಕ್ಯಾಲರಿಯ ಅಂತರವಿದೆ. ಅದು ಎರಡು ಹೊತ್ತಿನ ಊಟ. ಇದರ ಮೇಲೆ ‘ತೂಕ ಇಳಿಸಬೇಕು’ ಎಂಬ ಗುಂಡಿಯನ್ನೂ ಒತ್ತಿದರೆ ಆ್ಯಪು ಇನ್ನೂ ಐನೂರು ಕಡಿತ ಮಾಡಬಹುದು. ಹಾಗೆ ಉಂಡು ಗೋದಾಮಿನಲ್ಲಿ ಎಂಟು ಗಂಟೆ ಮೂಟೆ ಹೊತ್ತವನ ಗತಿಯೇನು? ಸಂಸಾರವಿರುವವರು ಒಂದು ದಿನ ಮನೆಯಾಕೆಯ ಊಟವನ್ನೂ ಬರೆದು ನೋಡಬೇಕೆಂದು ನಮ್ಮ ಸಲಹೆ. ಎಲ್ಲರಿಗೂ ಬಡಿಸಿ ಪಾತ್ರೆಯಲ್ಲಿ ಉಳಿದದ್ದನ್ನು ಉಣ್ಣುವವರ ಲೆಕ್ಕವನ್ನು ಈವರೆಗೆ ಯಾರೂ ಇಟ್ಟಂತಿಲ್ಲ.

ರಾತ್ರಿ ಪಾಳಿಯವರಿಗೆ ಇನ್ನೊಂದು ತೊಂದರೆಯಿದೆ. ಸಾಮಾನ್ಯವಾಗಿ ಮೊಬೈಲಿನ ದಿನ ನಡುರಾತ್ರಿ 12ಕ್ಕೆ ಬದಲಾಗುತ್ತದೆ. ನಮ್ಮ ದಿನ ಹಾಗೆ ಬದಲಾಗುವುದಿಲ್ಲ. ಹತ್ತು ಗಂಟೆಗೆ ಉಂಡದ್ದು ಸೋಮವಾರದ ಖಾತೆಗೆ, ಎರಡು ಗಂಟೆಗೆ ತಿಂದ ವಡಾ ಪಾವು ಮಂಗಳವಾರದ ಖಾತೆಗೆ ಹೋಗಿ, ಎರಡು ದಿನಗಳ ಲೆಕ್ಕವೂ ಕೆಡುತ್ತದೆ. ಪಾಳಿ ಮುಗಿದ ಮೇಲೆ ಎಲ್ಲವನ್ನೂ ಒಂದೇ ದಿನಾಂಕಕ್ಕೆ ಬರೆದುಕೊಳ್ಳುವುದು ಉಪಾಯ.

ನಡೆದದ್ದಕ್ಕೆ ಇಷ್ಟು ಕ್ಯಾಲರಿ ಖರ್ಚಾಯಿತೆಂದು ಕೈಗಡಿಯಾರ ತೋರಿಸುವ ಅಂಕಿಯನ್ನು ನಂಬಿ ಅಷ್ಟು ಹೆಚ್ಚಿಗೆ ತಿನ್ನುವವರಿಗೂ ಒಂದು ಮಾತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಇಂಥ ಗಡಿಯಾರಗಳನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಡಿಯ ಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಎಣಿಸಿದವು. ಕ್ಯಾಲರಿಯ ವಿಷಯದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಕೂಡ ನೂರಕ್ಕೆ ಸರಾಸರಿ 27ರಷ್ಟು ತಪ್ಪಿತ್ತು.

ಕ್ಯಾಲರಿಯ ಮೊತ್ತ ಸರಿಯಾಗಿದ್ದ ಮಾತ್ರಕ್ಕೆ ಊಟ ಸರಿಯಾಯಿತೆಂದೂ ಹೇಳಲಾಗದು. ಪೋಷಣಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ 2,000 ಕ್ಯಾಲರಿಯ ಒಂದು ದಿನದ ತಾಟು ಹೇಗಿರಬೇಕೆಂದು ಹೇಳಿದೆ: ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಅದರ ಬದಲು ಮೊಟ್ಟೆ-ಮಾಂಸ 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿಲೀಟರು, ಬೀಜಗಳು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ. ಇದನ್ನು ನಮ್ಮ ತಾಟಿನ ಪಕ್ಕದಲ್ಲಿಟ್ಟು ನೋಡಿದರೆ ಅನ್ನ ರೊಟ್ಟಿಯಲ್ಲಿ ನಾವು ಹಿಂದೆ ಬಿದ್ದಿಲ್ಲ. ಕಾಳು, ಸೊಪ್ಪು, ಮೊಸರಿನಲ್ಲಿ ಬಹಳ ಹಿಂದೆ ಇದ್ದೇವೆ. 65 ಕಿಲೋ ತೂಕದವನಿಗೆ ದಿನಕ್ಕೆ ಸುಮಾರು 54 ಗ್ರಾಂ ಪ್ರೋಟೀನು ಬೇಕು. ಖಾನಾವಳಿಯ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕು. ಆ್ಯಪಿನಲ್ಲಿ ‘ದಾಲ್ ಒಂದು ಬಟ್ಟಲು’ ಎಂದು ಒತ್ತಿದರೆ ಅದು ಗಟ್ಟಿ ಬೇಳೆಯೆಂದು ತಿಳಿದು ಪೂರ್ತಿ ಪ್ರೋಟೀನು ಜಮಾ ಮಾಡಿಬಿಡುತ್ತದೆ. ದೇಹಕ್ಕೆ ಬಂದಿರದ ಪ್ರೋಟೀನು ಫೋನಿನಲ್ಲಿ ಜಮಾ ಆಗಿರುತ್ತದೆ. ಉಪ್ಪಿನದೂ ಇದೇ ಕಥೆ. ರಕ್ತದೊತ್ತಡದವರು ಆ್ಯಪಿನ ಉಪ್ಪಿನ ಅಂಕಿಯನ್ನು ನೆಚ್ಚದೆ ಉಪ್ಪಿನಕಾಯಿ, ಹಪ್ಪಳಗಳನ್ನು ಕಡಿಮೆ ಮಾಡುವುದು ಲೇಸು.

ಸಕ್ಕರೆ ಕಾಯಿಲೆಯವರು ಈ ಮುಂದಿನ ಮಾತನ್ನು ದಯವಿಟ್ಟು ಎರಡು ಸಲ ಓದಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡಿನಂಥ ಮಾತ್ರೆ ನುಂಗುವವರು ಆ್ಯಪಿನ ಮಾತು ಕೇಳಿ ಒಮ್ಮೆಲೇ ಊಟ ಕಡಿಮೆ ಮಾಡಬಾರದು. ಔಷಧಿಯ ಪ್ರಮಾಣ ಹಳೆಯ ಊಟಕ್ಕೆ ತಕ್ಕಂತೆ ಇರುತ್ತದೆ. ಊಟ ಇಳಿದು ಔಷಧಿ ಹಾಗೆಯೇ ಉಳಿದರೆ ರಕ್ತದ ಸಕ್ಕರೆ ತೀರ ಕೆಳಗಿಳಿಯುತ್ತದೆ. ಬೆವರು, ಕೈನಡುಕ, ಎದೆಬಡಿತ, ಕಣ್ಣು ಕತ್ತಲೆ ಇವು ಅದರ ಗುರುತುಗಳು. ಯಂತ್ರದ ಬಳಿ ನಿಂತವನಿಗೆ ಹೀಗಾದರೆ ಏನಾದೀತೆಂದು ಹೇಳಬೇಕಾಗಿಲ್ಲ. ಅಂಥ ವೇಳೆ ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಊಟ ಬದಲಿಸುವ ಮೊದಲು ಒಂದು ವಾರದ ಲೆಕ್ಕವನ್ನು ಡಾಕ್ಟರಿಗೆ ತೋರಿಸಿ. ನಮ್ಮ ದೃಷ್ಟಿಯಲ್ಲಿ ಆ್ಯಪಿನ ಅತ್ಯುತ್ತಮ ಉಪಯೋಗ ಇದೇ. ‘ಮಿತವಾಗಿ ಉಣ್ಣುತ್ತೇನೆ ಸಾರ್’ ಎಂಬ ಬಾಯಿಮಾತಿನ ಬದಲು ಬರಹವೇ ಡಾಕ್ಟರ ಮುಂದಿರುತ್ತದೆ.

ಬಾಯಿಮಾತನ್ನು ಏಕೆ ನಂಬಬಾರದೆಂದರೆ ಅದಕ್ಕೂ ಆಧಾರವಿದೆ. ಎಷ್ಟು ಕಡಿಮೆ ಉಂಡರೂ ತೂಕ ಇಳಿಯುವುದಿಲ್ಲವೆಂದು ಹೇಳುತ್ತಿದ್ದ ಹತ್ತು ಜನರನ್ನು ನ್ಯೂಯಾರ್ಕಿನ ವೈದ್ಯರು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ವರದಿಯಂತೆ, ಅವರು ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಬರೆದಿರಲೇ ಇಲ್ಲ. ಸುಳ್ಳು ಹೇಳಬೇಕೆಂದಲ್ಲ, ಮನುಷ್ಯನ ನೆನಪೇ ಹಾಗೆ. ಹಾಗೆಂದು ಬರೆಯುವ ಉತ್ಸಾಹವೂ ಬಹಳ ದಿನ ಉಳಿಯುವುದಿಲ್ಲ. ಲಾಸ್ ಏಂಜಲಿಸ್‌ನಲ್ಲಿ 212 ಮಂದಿ ರೋಗಿಗಳಲ್ಲಿ ಅರ್ಧ ಜನರಿಗೆ ಆ್ಯಪು ಕೊಟ್ಟು ಆರು ತಿಂಗಳು ನೋಡಿದ ಅಧ್ಯಯನ 2014ರಲ್ಲಿ ಹೊರಬಂತು. ಆ್ಯಪು ಇದ್ದವರಿಗೂ ಇಲ್ಲದವರಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಮೊದಲ ತಿಂಗಳ ನಂತರ ಹೆಚ್ಚಿನವರು ಅದನ್ನು ತೆರೆಯುವುದನ್ನೇ ಕಡಿಮೆ ಮಾಡಿದ್ದರು. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಒಂದು ಬಾಳೆಹಣ್ಣು ತಿನ್ನಲೂ ಫೋನನ್ನು ಕೇಳುತ್ತಾರೆ, ಹಬ್ಬದ ಹೋಳಿಗೆಯ ಮುಂದೆ ಮುಖ ಬಾಡಿಸಿಕೊಂಡು ಕೂರುತ್ತಾರೆ. ಊಟವೆಂದರೆ ಭಯವಾಗತೊಡಗಿದರೆ ಆ್ಯಪನ್ನು ಅಳಿಸಿಹಾಕಿ ವೈದ್ಯರೊಡನೆ ಮಾತಾಡುವುದೇ ಸರಿ.

ಹಣದ ವಿಷಯವನ್ನೂ ಹೇಳಬೇಕು. ಬರಿಯ ಲೆಕ್ಕ ಬರೆಯುವುದು ಅನೇಕ ಆ್ಯಪುಗಳಲ್ಲಿ ಪುಕ್ಕಟೆ. ಸಲಹೆಗಾರರು, ಊಟದ ಯೋಜನೆ ಮುಂತಾದವುಗಳಿಗೆ ಚಂದಾ ಉಂಟು. ‘ಏಳು ದಿನ ಉಚಿತ’ ಎಂದು ಬ್ಯಾಂಕಿನ ಅನುಮತಿ ಕೇಳಿದರೆ ಎಂಟನೆಯ ದಿನದಿಂದ ಹಣ ತಾನಾಗಿ ಕಡಿತವಾಗಬಹುದೆಂದು ತಿಳಿಯಬೇಕು. ನಮ್ಮ ತೂಕ, ಕಾಯಿಲೆ, ಊಟದ ವಿವರಗಳು ಬೇರೆಯವರ ಕಂಪ್ಯೂಟರಿನಲ್ಲಿ ಕುಳಿತಿರುತ್ತವೆ ಎಂಬುದನ್ನೂ ಮರೆಯಬಾರದು. 2018ರಲ್ಲಿ ಮೈಫಿಟ್‌ನೆಸ್‌ಪಾಲಿನ ಸುಮಾರು 15 ಕೋಟಿ ಖಾತೆಗಳ ಹೆಸರು, ಮಿಂಚಂಚೆ ವಿಳಾಸ ಮುಂತಾದವು ಕಳ್ಳರ ಕೈಗೆ ಹೋದವು. ಊಟ ಬರೆಯಲು ನಿಮ್ಮ ಸ್ನೇಹಿತರ ಫೋನ್ ನಂಬರುಗಳು ಬೇಕಾಗಿಲ್ಲ, ಕೇಳಿದರೆ ಕೊಡಬೇಡಿ.

ಇಷ್ಟೆಲ್ಲ ನೋಡಿದ ಮೇಲೆ ನಾವು ಬಂದ ನಿಲುವು ಇದು. ಆ್ಯಪನ್ನು ಎರಡು ವಾರದ ಮಟ್ಟಿಗೆ ಹಾಕಿಕೊಳ್ಳಿ. ಭಾನುವಾರವನ್ನೂ, ಸಂಬಳದ ದಿನವನ್ನೂ ಬಿಡದೆ ಬರೆಯಿರಿ. ಚಹ, ಬೀಡಾ, ಪಾರ್ಟಿ, ಒಂದೂ ಬಿಡಬೇಡಿ. ದಿನದ ಮೊತ್ತವನ್ನು ನೋಡಿ ಹಿಗ್ಗಲೂ ಬೇಡಿ, ಕುಗ್ಗಲೂ ಬೇಡಿ. ಯಾವ ಹೊತ್ತಿನಲ್ಲಿ ಏನು ಹೆಚ್ಚಾಯಿತು, ಏನು ತಾಟಿಗೆ ಬರಲೇ ಇಲ್ಲ ಎಂಬುದನ್ನು ನೋಡಿ. ಅದು ತಿಳಿದ ಮೇಲೆ ಆ್ಯಪನ್ನು ಮುಚ್ಚಬಹುದು. ಮೂರು ತಿಂಗಳಿಗೊಮ್ಮೆ ಒಂದು ವಾರ ಮತ್ತೆ ತೆರೆದರೆ ಸಾಕು. ಫೋನಿನ ಗೊಡವೆ ಬೇಡವೆನ್ನುವವರಿಗೆ ಎರಡು ಗೆರೆಯ ನೋಟ್‌ಬುಕ್ಕು ಇಷ್ಟೇ ಕೆಲಸ ಕೊಡುತ್ತದೆ. 2008ರ ಆ ಅಧ್ಯಯನದವರು ಆ್ಯಪು ಬಳಸಿದವರಲ್ಲ.

ಅಳತೆಯ ತೊಡಕನ್ನು ಬಿಡಿಸಲು ವಾಚನಾಲಯದ ಕಪಾಟಿನಲ್ಲಿ 5 ಕಿಲೋವರೆಗೆ ತೂಗುವ ಅಡಿಗೆಮನೆಯ ತಕ್ಕಡಿಯೊಂದನ್ನು ಇಟ್ಟಿದ್ದೇವೆ. ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಯಾರು ಬೇಕಾದರೂ ಬಳಸಬಹುದು. ಬರುವಾಗ ತಾವು ದಿನವೂ ಉಣ್ಣುವ ಬಟ್ಟಲು, ಚಹದ ಚಮಚ, ಸಾಧ್ಯವಾದರೆ ಖಾನಾವಳಿಯ ಒಂದು ರೊಟ್ಟಿಯನ್ನು ಕಟ್ಟಿಸಿಕೊಂಡು ತನ್ನಿ. ನಿಮ್ಮ ಬಟ್ಟಲಿಗೆ ಎಷ್ಟು ಗ್ರಾಂ ಅನ್ನ ಹಿಡಿಯುತ್ತದೆ, ನಿಮ್ಮ ರೊಟ್ಟಿ ಎಷ್ಟು ತೂಗುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡುತ್ತೇವೆ.